ನಾಳ ಬಿಗಿಸುವ ಮದ್ದು: ಯಾರಿಗೆ, ಎಷ್ಟು, ಎಲ್ಲಿಯವರೆಗೆ

ಹುಮನಾಬಾದ್, ಜಹೀರಾಬಾದ್ ಕಡೆಯಿಂದ ಹೈದರಾಬಾದಿಗೆ ಬರುವ ರಾಷ್ಟ್ರೀಯ ಹೆದ್ದಾರಿ 65 ಪಟಾನ್‌ಚೆರು, ಮಿಯಾಪುರ ದಾಟಿ ಕೂಕಟ್‌ಪಲ್ಲಿಯ ನಡುವೆ ಹಾದುಹೋಗುತ್ತದೆ. ಮೇಲೆ ಮೆಟ್ರೋ, ಕೆಳಗೆ ಬಸ್ಸು ಆಟೋಗಳ ಸಾಲು, ಎರಡೂ ಬದಿಗೆ ಆಸ್ಪತ್ರೆ, ಲ್ಯಾಬು, ಔಷಧದಂಗಡಿಗಳ ಬೋರ್ಡು. ಕಲ್ಯಾಣ ಕರ್ನಾಟಕದವರಿಗೆ ಇದು ಪರಿಚಿತ ದಾರಿ. ದೊಡ್ಡ ಕಾಯಿಲೆ ಬಂದರೆ ಬೀದರಿನವರಿಗೆ ಬೆಂಗಳೂರು ದೂರ. ಹೈದರಾಬಾದ್ ಸುಮಾರು 140 ಕಿಲೋಮೀಟರ್ ಅಷ್ಟೆ. ಹೀಗೆ ಬರುವವರಲ್ಲಿ ಲಿವರ್ ಪೂರಾ ಕೆಟ್ಟವರೂ ಇರುತ್ತಾರೆ. ಕಣ್ಣು ಹಳದಿಯಾಗಿರುತ್ತದೆ, ಕೈಕಾಲು ಬತ್ತಿರುತ್ತವೆ, ಹೊಟ್ಟೆ ಮಾತ್ರ ನೀರು ತುಂಬಿ ಬಿಗಿದಿರುತ್ತದೆ. ಅವರನ್ನು ರಾತ್ರೋರಾತ್ರಿ ಹೊರಡಿಸುವ ತುರ್ತುಗಳಲ್ಲಿ ಎರಡು ಮುಖ್ಯ. ಒಂದು, ರಕ್ತ ವಾಂತಿ. ಇನ್ನೊಂದು, ಮೂತ್ರ ಕಡಿಮೆಯಾಗಿ ಕಿಡ್ನಿ ಸೋಲುತ್ತಿರುವುದು.

ಈ ಎರಡು ತುರ್ತುಗಳಿಗೂ ವೈದ್ಯರು ಒಂದೇ ಬಗೆಯ ಮದ್ದಿಗೆ ಕೈಹಾಕುತ್ತಾರೆ: ರಕ್ತನಾಳಗಳನ್ನು ಬಿಗಿಸುವ ಮದ್ದು. ಈ ಗುಂಪಿನಲ್ಲಿ ಟರ್ಲಿಪ್ರೆಸಿನ್ ಮುಖ್ಯವಾದದ್ದು. ನಾರ್‌ಅಡ್ರಿನಲಿನ್, ಆಕ್ಟ್ರಿಯೋಟೈಡ್, ಮಿಡೋಡ್ರಿನ್ ಅದರ ಜೊತೆಯವು. ಸರಿಯಾದ ರೋಗಿಗೆ ಸರಿಯಾದ ಹೊತ್ತಿಗೆ ಸಿಕ್ಕರೆ ಟರ್ಲಿಪ್ರೆಸಿನ್ ರಕ್ತಸ್ರಾವವನ್ನು ತಡೆಯುತ್ತದೆ, ನಿಂತ ಕಿಡ್ನಿಯನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ತಪ್ಪಿದರೆ ಅದೇ ಮದ್ದು ಬೆರಳ ತುದಿಯನ್ನು ಕಪ್ಪಾಗಿಸಬಲ್ಲದು, ಕರುಳಿಗೆ ರಕ್ತ ನಿಲ್ಲಿಸಬಲ್ಲದು, ಉಸಿರನ್ನೇ ಕಟ್ಟಬಲ್ಲದು. ಕೊಡುವ ಮೊದಲಿನ ಪರೀಕ್ಷೆ, ಕೊಟ್ಟ ಮೇಲಿನ ನಿಗಾ, ಫಲ ಕಾಣದಿದ್ದರೆ ನಿಲ್ಲಿಸುವ ಧೈರ್ಯ: ಈ ಮೂರೂ ಕೂಡಿದಾಗ ಮಾತ್ರ ಇದು ಮದ್ದು ಎನಿಸಿಕೊಳ್ಳುತ್ತದೆ. ಅದು ಏಕೆ ಎಂದು ತಿಳಿಯಬೇಕಾದರೆ ಲಿವರ್ ಕೆಟ್ಟಾಗ ಕಿಡ್ನಿ ಏಕೆ ಸೋಲುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಕಿಡ್ನಿಯ ತಪ್ಪಿಲ್ಲ

"ಲಿವರ್ ಖರಾಬ್ ಆಗ್ಯಾದ ಅಂದಿದ್ರಿ, ಈಗ ಕಿಡ್ನಿನೂ ಹೋಗ್ಯಾದ ಅಂತೀರಲ್ರೀ?" ಎಂದು ಮನೆಯವರು ಕೇಳುವ ಪ್ರಶ್ನೆ ನೂರೈವತ್ತು ವರ್ಷಗಳಿಗೂ ಹಿಂದೆ ವಿಜ್ಞಾನಿಗಳನ್ನೂ ಕಾಡಿತ್ತು. 1863ರಲ್ಲಿ ಅಮೆರಿಕದ ವೈದ್ಯ ಆಸ್ಟಿನ್ ಫ್ಲಿಂಟ್, ಜಲೋದರದ ರೋಗಿಗಳಲ್ಲಿ ಮೂತ್ರ ನಿಂತುಹೋದರೂ ಸತ್ತ ಮೇಲೆ ಕತ್ತರಿಸಿ ನೋಡಿದರೆ ಕಿಡ್ನಿಯಲ್ಲಿ ಹೇಳಿಕೊಳ್ಳುವಂಥ ಹಾನಿ ಕಾಣುವುದಿಲ್ಲ ಎಂದು ಗಮನಿಸಿದ್ದರು. ಒಗಟು ಬಿಡಿಸಿದ್ದು 1969ರ ಒಂದು ದಿಟ್ಟ ಪ್ರಯೋಗ. ಕೊಪೆಲ್ ಮತ್ತು ಸಂಗಡಿಗರು ಹೀಗೆ ಲಿವರ್ ರೋಗದಿಂದ ಸತ್ತವರ 'ಸೋತ' ಕಿಡ್ನಿಗಳನ್ನು ಲಿವರ್ ಚೆನ್ನಾಗಿದ್ದ ಬೇರೆ ರೋಗಿಗಳಿಗೆ ಕಸಿ ಮಾಡಿದರು. ಹೊಸ ಮೈಯಲ್ಲಿ ಆ ಕಿಡ್ನಿಗಳು ಮೂತ್ರ ತಯಾರಿಸತೊಡಗಿದವು. ಮರುವರ್ಷ ಮರ್ರೆ ಎಪ್‌ಸ್ಟೈನ್ ತಂಡ ಇನ್ನೊಂದು ಸಾಕ್ಷ್ಯ ಒದಗಿಸಿತು. ಇಂಥ ರೋಗಿಯ ಕಿಡ್ನಿಯ ನಾಳಗಳು ಬದುಕಿದ್ದಾಗಿನ ಎಕ್ಸ್‌ರೇ ಚಿತ್ರದಲ್ಲಿ ಮುರುಟಿಕೊಂಡಿದ್ದವು, ಸತ್ತ ಮೇಲೆ ತೆಗೆದ ಚಿತ್ರದಲ್ಲಿ ಪೂರಾ ಬಿಚ್ಚಿಕೊಂಡಿದ್ದವು. ಅಂದರೆ ಕಿಡ್ನಿ ಕೆಟ್ಟಿರಲಿಲ್ಲ. ಅದಕ್ಕೆ ರಕ್ತ ಮುಟ್ಟುತ್ತಿರಲಿಲ್ಲ.

ರಕ್ತ ಎಲ್ಲಿ ಹೋಯಿತು? ಗಾಯದ ಕಲೆಯಂತೆ ಗಟ್ಟಿಯಾದ ಲಿವರ್ ತನ್ನೊಳಗೆ ಹರಿಯಬೇಕಾದ ರಕ್ತಕ್ಕೆ ಅಡ್ಡವಾಗುತ್ತದೆ. ಕರುಳಿನಿಂದ ಲಿವರ್‌ಗೆ ಬರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಪ್ರತಿಕ್ರಿಯೆಯಾಗಿ ಕರುಳು, ಗುಲ್ಮಗಳ ಸುತ್ತಲಿನ ಅಪಧಮನಿಗಳಲ್ಲಿ ನೈಟ್ರಿಕ್ ಆಕ್ಸೈಡ್‌ನಂಥ ರಾಸಾಯನಿಕಗಳು ಹೆಚ್ಚಿ ನಾಳಗಳು ಅಗಲವಾಗುತ್ತವೆ, ರಕ್ತ ಅಲ್ಲೇ ತಂಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದ ತೂಬುಗಳೆಲ್ಲ ತೆರೆದಿದ್ದರೆ ಜಲಾಶಯದಿಂದ ಎಷ್ಟು ನೀರು ಬಿಟ್ಟರೂ ಮಾನ್ವಿ, ರಾಯಚೂರಿನ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ದೇಹದ ಈ ಕಾಲುವೆಯಲ್ಲಿ ಕಿಡ್ನಿ ಕೊನೆ ಭಾಗದ ಹೊಲ. ನೀರು ಕಡಿಮೆಯಾಯಿತೆಂದು ಭ್ರಮಿಸಿ ಅದು ಉಪ್ಪು ನೀರನ್ನು ಹೊರಹಾಕದೆ ಹಿಡಿದಿಡುತ್ತದೆ, ಆ ನೀರು ಹೊಟ್ಟೆಗಿಳಿದು ಜಲೋದರವಾಗುತ್ತದೆ. ಒತ್ತಡ ಉಳಿಸಿಕೊಳ್ಳಲು ದೇಹ ರೆನಿನ್, ಅಡ್ರಿನಲಿನ್, ವಾಸೊಪ್ರೆಸಿನ್‌ಗಳನ್ನು ಸುರಿಯುತ್ತದೆ. ಅವುಗಳ ಹೊಡೆತಕ್ಕೆ ಕಿಡ್ನಿಯ ನಾಳಗಳೇ ಮುರುಟಿಕೊಳ್ಳುತ್ತವೆ. ಈ ವಿವರಣೆಗೆ 1988ರಲ್ಲಿ ಶ್ರಿಯರ್, ಅರೋಯೊ ಮೊದಲಾದವರು ಸ್ಪಷ್ಟ ರೂಪ ಕೊಟ್ಟರು. ಈ ಸ್ಥಿತಿಗೆ ಹೆಪಟೊರೀನಲ್ ಸಿಂಡ್ರೋಮ್ ಎಂದು ಹೆಸರು.

ಹಾಗಾಗಿ ಚಿಕಿತ್ಸೆಗೆ ಎರಡು ಕೈ. ಒಂದು ಕೈ ಕಾಲುವೆಗೆ ನೀರು ಬಿಡಬೇಕು: ಅದು ಆಲ್ಬುಮಿನ್, ನಾಳಗಳೊಳಗೆ ನೀರನ್ನು ಹಿಡಿದಿಡುವ ರಕ್ತದ ಪ್ರೋಟೀನು. ಇನ್ನೊಂದು ಕೈ ಮೇಲ್ಭಾಗದ ತೂಬುಗಳನ್ನು ಇಳಿಸಬೇಕು: ಅದು ನಾಳ ಬಿಗಿಸುವ ಮದ್ದು. ಮುರುಟಿದ ಕಿಡ್ನಿಯನ್ನು ಬಿಚ್ಚಲು ನಾಳ ಬಿಗಿಸುವ ಮದ್ದೇ ಏಕೆ ಎಂಬ ಸಂಶಯಕ್ಕೆ ಉತ್ತರ ಇಲ್ಲಿದೆ. ಕರುಳಿನ ಕಡೆಯ ನಾಳ ಬಿಗಿದರೆ ರಕ್ತ ಮುಖ್ಯ ಹರಿವಿಗೆ ಮರಳುತ್ತದೆ, ದೇಹದ ಗಾಬರಿ ಇಳಿಯುತ್ತದೆ, ಕಿಡ್ನಿಯ ನಾಳ ತಾನಾಗಿ ಸಡಿಲವಾಗುತ್ತದೆ.

ಹಾರ್ಮೋನಿನಿಂದ ಸೀಸೆಯವರೆಗೆ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರಕ್ಕೆ ರಕ್ತದೊತ್ತಡ ಏರಿಸುವ ಗುಣವಿದೆ ಎಂದು 1895ರಲ್ಲಿ ಆಲಿವರ್ ಮತ್ತು ಶೇಫರ್ ಕಂಡುಕೊಂಡರು. ಆ ಗುಣದ ಹಿಂದಿದ್ದ ವಾಸೊಪ್ರೆಸಿನ್ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರ. ಅದರ ರಚನೆಯನ್ನು ಬಿಡಿಸಿ ಪ್ರಯೋಗಾಲಯದಲ್ಲಿ ಕಟ್ಟಿದ ವಿನ್ಸೆಂಟ್ ದು ವಿನ್ಯೋ 1955ರ ರಸಾಯನಶಾಸ್ತ್ರ ನೊಬೆಲ್ ಪಡೆದರು. ನೇರ ವಾಸೊಪ್ರೆಸಿನ್ ರಕ್ತಸ್ರಾವ ತಡೆಯುತ್ತಿತ್ತು, ಆದರೆ ಅದರ ಹೊಡೆತ ಒರಟು. ಹೃದಯದ ನಾಳಗಳನ್ನೂ ಹಿಂಡುತ್ತಿತ್ತು. ಪ್ರಾಗ್‌ನ ರಸಾಯನ ವಿಜ್ಞಾನಿಗಳು ಇದಕ್ಕೊಂದು ಉಪಾಯ ಹುಡುಕಿದರು. ಹಂದಿಯಲ್ಲಿರುವ ಲೈಸಿನ್ ವಾಸೊಪ್ರೆಸಿನ್‌ನ ತುದಿಗೆ ಮೂರು ಗ್ಲೈಸಿನ್‌ಗಳನ್ನು ಪೋಣಿಸಿದರು. ಹೀಗೆ ಹುಟ್ಟಿದ ಹನ್ನೆರಡು ಕೊಂಡಿಗಳ ಸರವೇ ಟರ್ಲಿಪ್ರೆಸಿನ್. ಮೈಯೊಳಗೆ ಕಿಣ್ವಗಳು ಆ ಮೂರು ಗ್ಲೈಸಿನ್‌ಗಳನ್ನು ಒಂದೊಂದಾಗಿ ಕತ್ತರಿಸಿದಂತೆ ಅಸಲಿ ಹಾರ್ಮೋನು ನಿಧಾನವಾಗಿ ಬಿಡುಗಡೆಯಾಗುತ್ತದೆ. ಆದ್ದರಿಂದ ಒಂದು ಚುಚ್ಚುಮದ್ದಿನ ಪ್ರಭಾವ ನಾಲ್ಕರಿಂದ ಆರು ಗಂಟೆ ಉಳಿಯುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು: ಹಾನಿ ಕಂಡ ತಕ್ಷಣ ಮದ್ದು ನಿಲ್ಲಿಸಿದರೂ ಅದರ ಬಿಗಿತ ಆ ಕ್ಷಣವೇ ಇಳಿಯುವುದಿಲ್ಲ.

ಇಂಥ ಮದ್ದುಗಳು ನಮ್ಮಲ್ಲಿ ಸಿಗುವುದಕ್ಕೆ ಭಾರತದ ಔಷಧ ಉದ್ಯಮ ಬೆಳೆದ ರೀತಿಯೂ ಕಾರಣ. ಕೂಕಟ್‌ಪಲ್ಲಿಗೆ ತಾಗಿಕೊಂಡಿರುವ ಬಾಲಾನಗರದಲ್ಲಿ ಸೋವಿಯತ್ ನೆರವಿನಿಂದ ಎದ್ದ ಸರ್ಕಾರಿ ಕಾರ್ಖಾನೆ ಐ.ಡಿ.ಪಿ.ಎಲ್. ಆ ಬೆಳವಣಿಗೆಯ ಬೇರುಗಳಲ್ಲಿ ಒಂದು. ಆ ಸಂಸ್ಥೆ ಸ್ಥಾಪನೆಯಾದದ್ದು 1961ರಲ್ಲಿ. ಅಲ್ಲಿ ಕೆಲಸ ಮಾಡಿದ ಕೆ. ಅಂಜಿ ರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಕಂಪನಿ ಕಟ್ಟಿದರು. ಹೈದರಾಬಾದ್ ದೇಶದ ಔಷಧ ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಅಮೆರಿಕದಲ್ಲಿ ಟರ್ಲಿಪ್ರೆಸಿನ್‌ಗೆ ಪರವಾನಗಿ ಸಿಕ್ಕಿದ್ದು 2022ರ ಸೆಪ್ಟೆಂಬರಿನಲ್ಲಿ. ಭಾರತದ ವೈದ್ಯರು ಅದಕ್ಕೂ ಬಹಳ ಮೊದಲೇ ಇದನ್ನು ಬಳಸುತ್ತಿದ್ದರು. ಬಹುಕಾಲದ ಬಳಕೆಯಿಂದ ಕೈ ಪಳಗುತ್ತದೆ. ಎಚ್ಚರ ಸಡಿಲವಾಗುವ ಅಪಾಯವೂ ಅದರ ಜೊತೆಗೇ ಬರುತ್ತದೆ.

ರಕ್ತ ವಾಂತಿಯ ಹೊತ್ತು

ಪೋರ್ಟಲ್ ಸಿರೆಯಲ್ಲಿ ಒತ್ತಡ ಏರಿದಾಗ ರಕ್ತ ಅಡ್ಡದಾರಿ ಹಿಡಿದು ಅನ್ನನಾಳದ ಒಳಗೋಡೆಯ ಸಿರೆಗಳನ್ನು ಉಬ್ಬಿಸುತ್ತದೆ. ಲಿವರ್‌ನ ಎರಡೂ ಬದಿಯ ಒತ್ತಡಗಳ ಅಂತರ 12 ಮಿ.ಮೀ. ಪಾದರಸವನ್ನು ದಾಟಿದರೆ ಆ ಸಿರೆಗಳು ಒಡೆಯುವ ಸಂಭವ ಹೆಚ್ಚು. ಆಗ ಬೋಗುಣಿಗಟ್ಟಲೆ ರಕ್ತ ವಾಂತಿಯಾಗುತ್ತದೆ, ಅಥವಾ ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಈ ಹೊತ್ತಿನಲ್ಲಿ ನಾಳ ಬಿಗಿಸುವ ಮದ್ದು ಎಂಡೋಸ್ಕೋಪಿಗೆ ಕಾಯಬಾರದು. ಸಂಶಯ ಬಂದ ಕೂಡಲೇ ಮದ್ದು ಶುರು, ರಕ್ತದೊತ್ತಡ ಹಿಡಿತಕ್ಕೆ ಬಂದ ಮೇಲೆ 12 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಒಡೆದ ಸಿರೆಗೆ ರಬ್ಬರ್ ಬ್ಯಾಂಡು, ಜೊತೆಗೆ ಸೋಂಕು ತಡೆಯಲು ಆ್ಯಂಟಿಬಯಾಟಿಕ್: ಇದು ಜಗತ್ತಿನಾದ್ಯಂತ ಒಪ್ಪಿದ ಕ್ರಮ. 1995ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನವೊಂದರಲ್ಲಿ ರೋಗಿ ಆಸ್ಪತ್ರೆ ತಲುಪುವ ಮೊದಲೇ, ತುರ್ತು ವೈದ್ಯರು ಮನೆಯಲ್ಲೇ ಟರ್ಲಿಪ್ರೆಸಿನ್ ಜೊತೆ ನೈಟ್ರೋಗ್ಲಿಸರಿನ್ ಕೊಟ್ಟು ರಕ್ತಸ್ರಾವವನ್ನು ಹಿಡಿತಕ್ಕೆ ತಂದಿದ್ದರು. ಬೀದರಿನಿಂದ ಕೂಕಟ್‌ಪಲ್ಲಿಯವರೆಗಿನ ಉದ್ದದ ದಾರಿಗೆ ಇದರಲ್ಲಿ ದೊಡ್ಡ ಪಾಠವಿದೆ. ಮೊದಲ ಡೋಸು ದೊಡ್ಡ ಊರಿನ ಆಸ್ಪತ್ರೆಗೆ ಕಾಯುವಂತಾಗಬಾರದು. ಜಿಲ್ಲಾಸ್ಪತ್ರೆಯಿಂದ ಹೊರಡುವ ಮೊದಲೇ ವೈದ್ಯರ ಕೈಯಿಂದ ಬೀಳಬೇಕು.

ಬೇಗ ಕೊಡುವುದು ಎಷ್ಟು ಮುಖ್ಯವೋ ಅಳತೆಯೂ ಅಷ್ಟೇ ಮುಖ್ಯ. ರಕ್ತ ಹೋಯಿತೆಂದು ಬಾಟಲಿ ಮೇಲೆ ಬಾಟಲಿ ರಕ್ತ ಏರಿಸಿದರೆ ಪೋರ್ಟಲ್ ಒತ್ತಡ ಮತ್ತೆ ಏರಿ ಸಿರೆ ಪುನಃ ಒಡೆಯುತ್ತದೆ. ಹಿಮೋಗ್ಲೋಬಿನ್ 7ರಿಂದ 9ರ ನಡುವೆ ಇದ್ದರೆ ಬಹುಪಾಲು ರೋಗಿಗಳಿಗೆ ಸಾಕು ಎಂದು ಸ್ಪೇನಿನ ವಿಯಾನುಯೇವ ತಂಡದ 2013ರ ಅಧ್ಯಯನ ತೋರಿಸಿತು. ನಾಳ ಬಿಗಿಸುವ ಮದ್ದನ್ನು ಎರಡರಿಂದ ಐದು ದಿನ ಕೊಟ್ಟರೆ ಸಾಕು. ಟರ್ಲಿಪ್ರೆಸಿನ್ ಒಂದೇ ದಾರಿಯೂ ಅಲ್ಲ. 2014ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನ 780 ರೋಗಿಗಳಲ್ಲಿ ಟರ್ಲಿಪ್ರೆಸಿನ್, ಸೊಮ್ಯಾಟೊಸ್ಟ್ಯಾಟಿನ್, ಆಕ್ಟ್ರಿಯೋಟೈಡ್ ಮೂರನ್ನೂ ಹೋಲಿಸಿತು. ಐದು ದಿನಗಳ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕಾಲಿನ ನಾಳ ಕಟ್ಟಿಕೊಂಡವರು ರಕ್ತ ವಾಂತಿಯೊಂದಿಗೆ ಬಂದರೆ ಮೃದುವಾದ ಆಕ್ಟ್ರಿಯೋಟೈಡ್ ಇದೆ ಎಂಬುದನ್ನು ನೆನಪಿಡುವುದೇ ಸುರಕ್ಷತೆಯ ಮೊದಲ ಪಾಠ.

ಎಲ್ಲ ಕಿಡ್ನಿ ಸೋಲೂ ಒಂದಲ್ಲ

2025ರ ಜುಲೈನಲ್ಲಿ ಕೂಕಟ್‌ಪಲ್ಲಿ ಸುತ್ತಮುತ್ತ ಕಲಬೆರಕೆ ಸೇಂದಿ ಕುಡಿದವರು ವಾಂತಿ ಭೇದಿಯಾಗಿ, ರಕ್ತದೊತ್ತಡ ಕುಸಿದು ಆಸ್ಪತ್ರೆ ಸೇರಿದರು. ಹಲವರನ್ನು ಪಂಜಾಗುಟ್ಟದ ನಿಮ್ಸ್ ಆಸ್ಪತ್ರೆಗೆ ಸಾಗಿಸಲಾಯಿತು, ಕೆಲವರಿಗೆ ಡಯಾಲಿಸಿಸ್ ಬೇಕಾಯಿತು, ಹಲವರು ಪ್ರಾಣ ಕಳೆದುಕೊಂಡರು. ಕುಡಿತ, ಕಿಡ್ನಿ ಸೋಲು ಎಂಬ ಎರಡೇ ಮಾತು ಕೇಳಿದವರಿಗೆ ಇದು ಲಿವರ್ ರೋಗಿಯ ಕಥೆಯಂತೆಯೇ ಕೇಳಿಸಬಹುದು. ಒಳಗಿನ ಕಾರಣ ಬೇರೆ. ವಾಂತಿ ಭೇದಿಯಿಂದ ನೀರು ಸೋರಿಹೋದವರಿಗೆ, ವಿಷ ತಾಗಿದವರಿಗೆ ಬೇಕಾದದ್ದು ನೀರು ಲವಣ, ವಿಷದ ಆರೈಕೆ, ಅಗತ್ಯಬಿದ್ದರೆ ಡಯಾಲಿಸಿಸ್.

ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾದ ಸ್ಥಿತಿ, ಇರುವ ರೋಗಿಯಲ್ಲೂ ಕಿಡ್ನಿ ಸೋಲಲು ಹತ್ತು ಕಾರಣಗಳಿರುತ್ತವೆ. ನೀರು ಇಳಿಸುವ ಮಾತ್ರೆ ಹೆಚ್ಚಾಗಿರಬಹುದು. ಮಲ ಸಡಿಲಿಸಲು ಕೊಡುವ ಲ್ಯಾಕ್ಟುಲೋಸ್ ಹೆಚ್ಚಾಗಿ ಭೇದಿ ಹತ್ತಿರಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಕಿಡ್ನಿಯ ರಕ್ತ ಹರಿವನ್ನು ಇನ್ನಷ್ಟು ಕುಗ್ಗಿಸಿರಬಹುದು. ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಇಂಥ ಪ್ರತಿ ರೋಗಿಯ ಹೊಟ್ಟೆಗೂ ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸಲೇಬೇಕು. ಒಂದು ಘನ ಮಿ.ಮೀ.ಗೆ 250ಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಕಣಗಳಿದ್ದರೆ ಅದು ಸೋಂಕು. ಮೂತ್ರದಲ್ಲಿ ಪ್ರೋಟೀನು, ರಕ್ತ ಕಂಡರೆ, ಅಲ್ಟ್ರಾಸೌಂಡಿನಲ್ಲಿ ಅಡ್ಡಿ ಕಂಡರೆ ಕಾರಣ ಕಿಡ್ನಿಯಲ್ಲೋ ಮೂತ್ರದ ದಾರಿಯಲ್ಲೋ ಇರುವ ಸಂಭವ ಹೆಚ್ಚು. ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಎರಡು ದಿನದಲ್ಲಿ 0.3ರಷ್ಟು ಏರಿದರೂ, ವಾರದಲ್ಲಿ ಒಂದೂವರೆ ಪಟ್ಟಾದರೂ ಗಂಟೆ ಬಾರಿಸಿದಂತೆಯೇ. ಕಾರಣ ಹುಡುಕಲು ಅದೇ ಕ್ಷಣ ತೊಡಗಬೇಕು. ಕೆಡಿಸುವ ಮದ್ದುಗಳನ್ನೆಲ್ಲ ನಿಲ್ಲಿಸಿ, ಕೊರತೆ ಇದ್ದರೆ ಆಲ್ಬುಮಿನ್ ಕೊಟ್ಟು ನೋಡಿ, ಆಮೇಲೂ ಕಿಡ್ನಿ ಮಿಸುಕದಿದ್ದರೆ ಟರ್ಲಿಪ್ರೆಸಿನ್ ಮಾತು. ಹಿಂದೆ ಈ ಕಾಯುವಿಕೆ ಎರಡು ದಿನವಿತ್ತು. 2024ರ ಅಂತರರಾಷ್ಟ್ರೀಯ ಒಮ್ಮತ ಅದನ್ನು 24 ಗಂಟೆಗೆ ಇಳಿಸಿತು. ಹೊತ್ತು ಕಳೆದಷ್ಟೂ, ಕ್ರಿಯಾಟಿನಿನ್ ಏರಿದಷ್ಟೂ ಮದ್ದಿನ ಫಲ ಕುಗ್ಗುತ್ತದೆ.

ಎದೆಗೆ ನೀರು: 2021ರ ಎಚ್ಚರಿಕೆ

2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಫ್ಲಾರೆನ್ಸ್ ವಾಂಗ್ ಮತ್ತು ಸಂಗಡಿಗರ 'ಕನ್‌ಫರ್ಮ್' ಅಧ್ಯಯನ ಬಂತು. ಅಮೆರಿಕ, ಕೆನಡಾಗಳ 300 ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಟರ್ಲಿಪ್ರೆಸಿನ್, ಉಳಿದವರಿಗೆ ಹುಸಿ ಮದ್ದು. ಇಬ್ಬರಿಗೂ ಆಲ್ಬುಮಿನ್ ಸಲಹೆ. ಟರ್ಲಿಪ್ರೆಸಿನ್ ಪಡೆದವರಲ್ಲಿ ಶೇ. 32 ಮಂದಿಯ ಕಿಡ್ನಿ ಚೇತರಿಸಿಕೊಂಡಿತು, ಪಡೆಯದವರಲ್ಲಿ ಶೇ. 17. ಮದ್ದು ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು. ಆದರೆ 90 ದಿನಗಳೊಳಗೆ ಸತ್ತವರ ಪ್ರಮಾಣ ಟರ್ಲಿಪ್ರೆಸಿನ್ ಗುಂಪಿನಲ್ಲಿ ಶೇ. 51, ಇನ್ನೊಂದರಲ್ಲಿ ಶೇ. 45. ಉಸಿರಾಟದ ತೊಂದರೆಯಿಂದ ಸತ್ತವರು ಶೇ. 11 ಮತ್ತು ಶೇ. 2. ಕಿಡ್ನಿ ಗೆದ್ದರೂ ಜೀವ ಗೆಲ್ಲಲಿಲ್ಲ ಎಂಬ ಕಹಿ ಸತ್ಯ ಆ ಅಂಕಿಗಳಲ್ಲಿತ್ತು.

ಏಕೆ ಹೀಗಾಯಿತು? ಆಲ್ಬುಮಿನ್ ನಾಳಗಳಿಗೆ ನೀರು ತುಂಬುತ್ತದೆ. ಟರ್ಲಿಪ್ರೆಸಿನ್ ಕರುಳಿನ ಬಳಿ ತಂಗಿದ್ದ ರಕ್ತವನ್ನು ಹೃದಯದ ಕಡೆ ತಳ್ಳುತ್ತದೆ, ಜೊತೆಗೆ ಹೃದಯ ತಳ್ಳಬೇಕಾದ ಪ್ರತಿರೋಧವನ್ನೂ ಹೆಚ್ಚಿಸುತ್ತದೆ. ಸಿರೋಸಿಸ್ ರೋಗಿಯ ಹೃದಯ ಮೊದಲೇ ದುರ್ಬಲ. ಅದು ಸೋತರೆ ನೀರು ಶ್ವಾಸಕೋಶಕ್ಕೆ ಹಿಮ್ಮೆಟ್ಟುತ್ತದೆ. ತೂಬು ಇಳಿಸಿ, ಮೇಲಿಂದಲೂ ನೀರು ಹೆಚ್ಚಿಗೆ ಬಿಟ್ಟರೆ ಕಾಲುವೆಯ ದಂಡೆ ಒಡೆಯುವುದು ಹೀಗೆಯೇ. ಅದೇ ವರ್ಷ ಬ್ರಿಟನ್ನಿನ 'ಅಟೈರ್' ಅಧ್ಯಯನ 777 ರೋಗಿಗಳಲ್ಲಿ ಇನ್ನೊಂದು ಕಡೆಯಿಂದ ಇದೇ ಪಾಠ ಕಲಿಸಿತು. ರಕ್ತದ ಆಲ್ಬುಮಿನ್ ಮಟ್ಟ ಏರಿಸುವುದನ್ನೇ ಗುರಿಯಾಗಿಟ್ಟು ದಿನವೂ ಕೊಟ್ಟವರಿಗೆ ಲಾಭವಾಗಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬಿದ ಪ್ರಕರಣಗಳು ಹೆಚ್ಚಾದವು.

ಆದ್ದರಿಂದ 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪರವಾನಗಿ ಕೊಡುವಾಗಲೇ ಸೀಸೆಯ ಜೊತೆಗಿನ ಮಾಹಿತಿ ಪತ್ರದ ತಲೆಯ ಮೇಲೆ ಚೌಕಟ್ಟು ಹಾಕಿ ಎಚ್ಚರಿಕೆ ಬರೆಸಿದರು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕ ಶೇ. 90ಕ್ಕಿಂತ ಕಡಿಮೆಯಿದ್ದರೆ ಶುರು ಮಾಡಬಾರದು. ಮೈಯಲ್ಲಿ ನೀರು ಹೆಚ್ಚಾಗಿದ್ದರೆ ಮೊದಲು ಅದನ್ನು ಇಳಿಸಬೇಕು. ಹೃದಯ, ಕರುಳು, ಕೈಕಾಲುಗಳ ನಾಳದಲ್ಲಿ ರಕ್ತದ ಕೊರತೆ ನಡೆಯುತ್ತಿದ್ದರೆ ಕೊಡಬಾರದು. ಅಂಗಾಂಗಗಳು ಒಟ್ಟೊಟ್ಟಿಗೆ ಸೋಲುತ್ತಿರುವ ಮೂರನೇ ಹಂತದ ರೋಗಿಯಲ್ಲಿ ಅಪಾಯ ಹೆಚ್ಚು. ಕ್ರಿಯಾಟಿನಿನ್ 5 ದಾಟಿದವರಲ್ಲಿ ಫಲ ಸಿಗುವುದು ಕಷ್ಟ. ಗರ್ಭಿಣಿಯರಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಅದೇ ವರ್ಷ ಯುರೋಪಿನ ಔಷಧ ಸಂಸ್ಥೆಯೂ ಇಂಥವೇ ಮಿತಿಗಳನ್ನು ವಿಧಿಸಿ ಉಸಿರಾಟದ ತೊಂದರೆಯ ಜೊತೆಗೆ ನಂಜಿನ ಅಪಾಯವನ್ನೂ ಎತ್ತಿ ಹೇಳಿತು.

ಇದನ್ನು ಓದಿ ಈ ಮದ್ದೇ ಬೇಡ ಎಂದು ಹೇಳುವುದು ತಪ್ಪಾಗುತ್ತದೆ. ದೆಹಲಿಯ ಐ.ಎಲ್.ಬಿ.ಎಸ್. ಸಂಸ್ಥೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿವರ್ ಹಠಾತ್ತನೆ ಕುಸಿದ 120 ರೋಗಿಗಳಿದ್ದರು. ಟರ್ಲಿಪ್ರೆಸಿನ್ ಹನಿ ಹನಿಯಾಗಿ ಪಡೆದವರಲ್ಲಿ ಶೇ. 40 ಮಂದಿಯ ಕಿಡ್ನಿ ಮರಳಿತು, ನಾರ್‌ಅಡ್ರಿನಲಿನ್ ಪಡೆದವರಲ್ಲಿ ಸುಮಾರು ಶೇ. 17. ಇಪ್ಪತ್ತೆಂಟನೆಯ ದಿನ ಬದುಕಿದ್ದವರು ಕ್ರಮವಾಗಿ ಶೇ. 48 ಮತ್ತು ಶೇ. 20. ಅಡ್ಡಪರಿಣಾಮ ಟರ್ಲಿಪ್ರೆಸಿನ್‌ನಲ್ಲೇ ಹೆಚ್ಚಿತ್ತು. ನಿಗಾ ಇದ್ದದ್ದರಿಂದ ಅವನ್ನು ಹಿಮ್ಮೆಟ್ಟಿಸಲಾಯಿತು. ಮದ್ದಿನ ಬಲ ಮತ್ತು ನಿಗಾದ ಬೆಲೆ ಎರಡೂ ಈ ಅಂಕಿಗಳಲ್ಲಿವೆ.

ಹನಿ ಹನಿಯಾಗಿ

ಟರ್ಲಿಪ್ರೆಸಿನ್ ಕೊಡುವ ಹಳೆಯ ಪದ್ಧತಿ ನಾಲ್ಕು ಅಥವಾ ಆರು ಗಂಟೆಗೊಮ್ಮೆ ಸಿರೆಗೆ ಚುಚ್ಚುವುದು. ಪ್ರತಿ ಚುಚ್ಚಿಗೂ ಬಿಗಿತ ಒಮ್ಮೆಲೇ ಏರಿ ಆಮೇಲೆ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಬೆರಳು, ಹೃದಯ, ಕರುಳುಗಳಿಗೆ ಪೆಟ್ಟು. ಇಳಿದ ಹೊತ್ತಿನಲ್ಲಿ ಕಿಡ್ನಿಗೆ ಕೊರತೆ. 2016ರಲ್ಲಿ ಇಟಲಿಯ ಕವಲ್ಲಿನ್ ಮತ್ತು ಸಂಗಡಿಗರು ಇಂಜೆಕ್ಷನ್ ಪಂಪಿನಿಂದ ದಿನಕ್ಕೆ 2 ಮಿ.ಗ್ರಾಂ.ನಿಂದ ಶುರುಮಾಡಿ ಇಡೀ ದಿನ ಸಮನಾಗಿ ಹರಿಸುವ ಪದ್ಧತಿಯನ್ನು ಚುಚ್ಚುವ ಪದ್ಧತಿಯೊಂದಿಗೆ ಹೋಲಿಸಿದರು. ಫಲ ಎರಡರಲ್ಲೂ ಒಂದೇ ಮಟ್ಟದ್ದು. ಅಡ್ಡಪರಿಣಾಮ ಚುಚ್ಚಿಸಿಕೊಂಡವರಲ್ಲಿ ಶೇ. 62, ಹನಿ ಪದ್ಧತಿಯಲ್ಲಿ ಶೇ. 35; ಬೇಕಾದ ಮದ್ದಿನ ಪ್ರಮಾಣವೂ ಕಡಿಮೆ. ಸೀಸೆಗಳು ಉಳಿದರೆ ಕುಟುಂಬದ ಹಣವೂ ಉಳಿಯುತ್ತದೆ. ಕಿಡ್ನಿಯ ಚಿಕಿತ್ಸೆಗೆ ಹನಿ ಪದ್ಧತಿಯೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕೆ ಒಂದು ಸಿರಿಂಜ್ ಪಂಪು, ಅದನ್ನು ಬಲ್ಲ ಒಬ್ಬ ನರ್ಸು ಬೇಕು, ಅಷ್ಟೆ.

ನಾರ್‌ಅಡ್ರಿನಲಿನ್ ಅಗ್ಗ. ಆದರೆ ಅದಕ್ಕೆ ಕುತ್ತಿಗೆಯ ದೊಡ್ಡ ಸಿರೆಗೆ ನಳಿಕೆ, ಐ.ಸಿ.ಯು. ಹಾಸಿಗೆ ಬೇಕು. ಸಣ್ಣ ಸಿರೆಯಿಂದ ಅದು ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸಾಯುತ್ತದೆ. ಮಿಡೋಡ್ರಿನ್ ಮಾತ್ರೆ, ಆಕ್ಟ್ರಿಯೋಟೈಡ್ ಜೋಡಿ ಸಾಮಾನ್ಯ ವಾರ್ಡಿನಲ್ಲೂ ಕೊಡಬಹುದಾದದ್ದು, ಆದರೆ ಬಲ ಕಡಿಮೆ. ಇಟಲಿಯ ಅದೇ ತಂಡದ 2015ರ ಹೋಲಿಕೆಯಲ್ಲಿ ಟರ್ಲಿಪ್ರೆಸಿನ್‌ಗೆ ಸ್ಪಂದಿಸಿದವರು ಶೇ. 70, ಈ ಜೋಡಿಗೆ ಶೇ. 29. ಬೇರೇನೂ ಸಿಗದ ಕಡೆ ಮಾತ್ರ ಈ ಜೋಡಿಗೆ ಜಾಗ.

ಹಾಸಿಗೆ ಪಕ್ಕದ ಕಾವಲು

ಮದ್ದು ಶುರುವಾದ ಮೇಲೆ ನೋಡುತ್ತಲೇ ಇರಬೇಕಾದ ಸಂಗತಿಗಳು ಕೆಲವೇ, ಆದರೆ ಒಂದನ್ನೂ ಬಿಡುವಂತಿಲ್ಲ. ಆಮ್ಲಜನಕದ ಅಳತೆ ಬೆರಳಿನಲ್ಲಿ ಸದಾ ಇರಬೇಕು. ಶೇ. 90ಕ್ಕಿಂತ ಕೆಳಗಿಳಿದರೆ, ರೋಗಿ ಮಲಗಲಾಗದೆ ಎದ್ದು ಕೂತರೆ, ಮದ್ದು ನಿಲ್ಲಿಸಿ ಆಲ್ಬುಮಿನ್ ತಡೆಹಿಡಿದು ನೀರು ಇಳಿಸಬೇಕು. ನಾಡಿ ನಿಧಾನವಾಗುವುದು, ಎದೆನೋವು, ಇ.ಸಿ.ಜಿ. ಬದಲಾವಣೆ ಹೃದಯದ ದೂರು. ಕೈಕಾಲು ಬೆರಳು, ಮೂಗಿನ ತುದಿ, ವೃಷಣದ ಚರ್ಮ ತಣ್ಣಗಾಗಿ ನೀಲಿಗಟ್ಟುತ್ತಿವೆಯೇ ಎಂದು ದಿನವೂ ಹೊದಿಕೆ ಸರಿಸಿ ನೋಡಬೇಕು. ಕಪ್ಪು ಮೈಬಣ್ಣದವರಲ್ಲಿ ನೀಲಿ ಬೇಗ ಕಾಣುವುದಿಲ್ಲ. ಮುಟ್ಟಿ ತಣುಪು ನೋಡಬೇಕು, ಉಗುರು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ಗಮನಿಸಬೇಕು.

ಹೊಟ್ಟೆನೋವು, ಭೇದಿಯಲ್ಲಿ ಮೋಸಹೋಗುವುದು ಸುಲಭ. ಟರ್ಲಿಪ್ರೆಸಿನ್ ಕರುಳನ್ನು ಹಿಂಡುವುದರಿಂದ ಸಣ್ಣ ನುಲಿತ, ಸಡಿಲ ಮಲ ಸಾಮಾನ್ಯ. ಲ್ಯಾಕ್ಟುಲೋಸ್ ಕುಡಿಯುವ ರೋಗಿಗೆ ಹೇಗೂ ಭೇದಿ ಇರುತ್ತದೆ, ಆದ್ದರಿಂದ ಯಾರೂ ಲಕ್ಷ್ಯ ಕೊಡುವುದಿಲ್ಲ. ನೋವು ಜೋರಾಗುತ್ತ ಹೋದರೆ, ಮಲದಲ್ಲಿ ರಕ್ತ ಕಂಡರೆ ಅದು ಕರುಳಿಗೆ ರಕ್ತ ನಿಂತ ಕುರುಹಾಗಿರಬಹುದು.

ಸೋಡಿಯಂ ಇನ್ನೊಂದು ಬಲೆ. ರಕ್ತ ವಾಂತಿಗೆ ಟರ್ಲಿಪ್ರೆಸಿನ್ ಪಡೆದವರಲ್ಲಿ, ಅದರಲ್ಲೂ ಲಿವರ್ ಇನ್ನೂ ಒಂದಷ್ಟು ಚೆನ್ನಾಗಿರುವವರಲ್ಲಿ, ಸೋಡಿಯಂ ದಿಢೀರನೆ ಇಳಿಯಬಹುದು. ಮದ್ದಿನೊಳಗಿನ ಹಾರ್ಮೋನು ಕಿಡ್ನಿಯಲ್ಲಿ ನೀರು ಹಿಡಿಯುವ ಕೆಲಸವನ್ನೂ ಸ್ವಲ್ಪ ಮಾಡುವುದೇ ಇದಕ್ಕೆ ಕಾರಣ. ಸೋಡಿಯಂ ಇಳಿದರೆ ಮಂಪರು, ಅಪಸ್ಮಾರದಂಥ ಸೆಳೆತ ಬರುತ್ತದೆ. ಅದನ್ನು ಲಿವರ್ ಮಂಪರು ಎಂದೇ ತಿಳಿದುಬಿಡುವ ಅಪಾಯವಿದೆ. ಮದ್ದು ನಿಂತ ಮೇಲೆ ಸೋಡಿಯಂ ಅತಿ ವೇಗದಲ್ಲಿ ಏರಿದರೂ ಮಿದುಳಿಗೆ ಶಾಶ್ವತ ಹಾನಿಯಾಗಬಲ್ಲದು. ದಿನವೂ ಸೋಡಿಯಂ ಪರೀಕ್ಷೆ ಮಾಡಿಸುವುದು ಸಣ್ಣ ಖರ್ಚು, ದೊಡ್ಡ ರಕ್ಷೆ.

ನಿಲ್ಲಿಸುವ ದಿನ

ಕಿಡ್ನಿಯ ಚಿಕಿತ್ಸೆಯಲ್ಲಿ ನಾಲ್ಕನೆಯ ದಿನ ತೀರ್ಪಿನ ದಿನ. ಅಮೆರಿಕದ ನಿಯಮದಂತೆ ಆ ಹೊತ್ತಿಗೆ ಕ್ರಿಯಾಟಿನಿನ್ ಶೇ. 30ರಷ್ಟಾದರೂ ಇಳಿದಿದ್ದರೆ ಅದೇ ಪ್ರಮಾಣ ಮುಂದುವರಿಯುತ್ತದೆ. ಅದಕ್ಕಿಂತ ಕಡಿಮೆ ಇಳಿದಿದ್ದರೆ ಪ್ರಮಾಣ ಇಮ್ಮಡಿ. ಮೊದಲಿನಷ್ಟೇ ಇದ್ದರೆ ಅಥವಾ ಏರಿದ್ದರೆ ಮದ್ದು ನಿಲ್ಲಬೇಕು. ಏನೇ ಆದರೂ 14 ದಿನ ಮೀರುವಂತಿಲ್ಲ. ಫಲ ಕೊಡದ ಮದ್ದನ್ನು "ಇರಲಿ, ನೋಡೋಣ" ಎಂದು ಮುಂದುವರಿಸಿದರೆ ರೋಗಿಗೆ ಉಳಿಯುವುದು ಅಪಾಯ ಮಾತ್ರ.

ನಾಳ ಬಿಗಿಸುವ ಮದ್ದು ಲಿವರನ್ನು ಸರಿಮಾಡುವುದಿಲ್ಲ, ಕಾಲಾವಕಾಶ ಕೊಡುತ್ತದೆ. ಆ ಅವಕಾಶದಲ್ಲಿ ಸೋಂಕು ಗುಣವಾಗಬಹುದು, ಕುಡಿತ ಬಿಟ್ಟವರ ಲಿವರ್ ಒಂದಿಷ್ಟು ಸುಧಾರಿಸಬಹುದು, ಕಸಿಗೆ ತಯಾರಿ ನಡೆಯಬಹುದು. ಹೆಪಟೊರೀನಲ್ ಸಿಂಡ್ರೋಮ್‌ಗೆ ಬೇರಿನಿಂದಲೇ ಪರಿಹಾರ ಲಿವರ್ ಕಸಿ. ತೆಲಂಗಾಣದಲ್ಲಿ ಜೀವನ್‌ದಾನ್, ಕರ್ನಾಟಕದಲ್ಲಿ ಜೀವಸಾರ್ಥಕತೆ ಮೃತರ ಅಂಗಾಂಗ ಹಂಚಿಕೆಯ ಪಟ್ಟಿ ನಡೆಸುತ್ತವೆ. ಕಸಿಯ ಮಾತನ್ನು ಮದ್ದು ಶುರುವಾದ ದಿನವೇ ಎತ್ತಬೇಕು. ಕಸಿ ಸಾಧ್ಯವಿಲ್ಲದ, ಮದ್ದಿಗೆ ಸ್ಪಂದಿಸದ ರೋಗಿಗೆ ನೋವು, ಉಬ್ಬಸ ಕಡಿಮೆ ಮಾಡುವ ಆರೈಕೆಯೂ ಪೂರ್ಣ ಪ್ರಮಾಣದ ಚಿಕಿತ್ಸೆಯೇ. ಅದನ್ನು ಮನೆಯವರಿಗೆ ಅವರ ಭಾಷೆಯಲ್ಲಿ, ಸಮಾಧಾನದಿಂದ ಹೇಳುವುದು ವೈದ್ಯರ ಕರ್ತವ್ಯ.

ಮನೆಯವರಿಗೆ ನಾಲ್ಕು ಮಾತು

ಊರು ಬದಲಾದರೆ ಭಾಷೆ ಬದಲಾಗುತ್ತದೆ, ಕಾಗದ ಕಳೆಯುತ್ತದೆ. ಬೀದರ್, ಕಲಬುರಗಿ, ರಾಯಚೂರಿನಿಂದ ಹೊರಡುವಾಗ ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆಸಿಕೊಳ್ಳಿ. ಹಿಂದಿನ ಕ್ರಿಯಾಟಿನಿನ್, ಸೋಡಿಯಂ ರಿಪೋರ್ಟು ಜೊತೆಗಿರಲಿ. ಹೃದ್ರೋಗ, ಕಾಲಿನ ನಾಳದ ತೊಂದರೆ, ಸ್ಟೆಂಟ್ ಇದ್ದರೆ ಕೇಳುವ ಮೊದಲೇ ಹೇಳಿ. ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಲು ಹಿಂಜರಿಯಬೇಡಿ: ಕಿಡ್ನಿ ಸೋತ ಕಾರಣ ಖಚಿತವಾಯಿತೇ? ಆಮ್ಲಜನಕ ಎಷ್ಟಿದೆ, ಯಾರು ನೋಡುತ್ತಿದ್ದಾರೆ? ಫಲ ಕಾಣದಿದ್ದರೆ ಯಾವ ದಿನ ನಿಲ್ಲಿಸುತ್ತೀರಿ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರ ಪಡುವುದಿಲ್ಲ.

ಲಿವರ್ ರೋಗಿ ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಭೇದಿ ಹತ್ತಿದರೆ, ಜ್ವರ ಬಂದರೆ, ಮಲ ಕಪ್ಪಾದರೆ ಕಾಯಬೇಡಿ. ದಿನದ ಮೂತ್ರ ಎಷ್ಟಾಯಿತು ಎಂಬುದರ ಮೇಲೆ ಒಂದು ಕಣ್ಣಿರಲಿ. ಟರ್ಲಿಪ್ರೆಸಿನ್‌ನ ಫಲ ಬೇಗ ಬಂದವರಿಗೆ ಹೆಚ್ಚು, ತಡವಾಗಿ ಬಂದವರಿಗೆ ಕಡಿಮೆ. ಆದ್ದರಿಂದ ಮೂತ್ರ ಕಡಿಮೆಯಾದ ದಿನವೇ ರಕ್ತ ಪರೀಕ್ಷೆ ಮಾಡಿಸಿ, ಆಸ್ಪತ್ರೆಗೆ ಕರೆತನ್ನಿ.